ಎಡಗಡೆಯದು ಹಸಿದಿದೆ

ಅಣ್ಣಾ,

ಕುಶಲ ವಿಚಾರಿಸಿ ಆರಂಭಿಸುವುದು ಪತ್ರದ ಮರ್ಯಾದೆ. ಆದರೆ ಅರ್ಧ ಓದಿ ಮಡಿಚಿಡುವ ಅಭ್ಯಾಸ ನಿನ್ನದಾದ್ದರಿಂದ ವಿಷಯವನ್ನೇ ಮೊದಲು ಬರೆಯುತ್ತೇನೆ. ನಿನ್ನ ಕಿವಿಗೆ ಏನೂ ಆಗಿಲ್ಲ. ನನ್ನ ಮೋಟಾರ್ ಸೈಕಲ್ಲಿನ ವಿಚಾರದಲ್ಲಿ ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಭಾನುವಾರ ನಿನ್ನ ರಿಪೇರಿ ಅಂಗಡಿಯ ಸಾಮಾನುಗಳನ್ನು ಯಾರಿಗೂ ಕೊಡಬೇಡ. ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ.

ನಾಲ್ಕು ತಿಂಗಳ ಹಿಂದೆ ನೀನು ನಮ್ಮ ಮನೆಗೆ ಬಂದಿದ್ದ ಬೆಳಗ್ಗೆ ನಿನಗೆ ನೆನಪಿರಲೇಬೇಕು. "ಐವತ್ತು ದಾಟಿದ ಮೇಲೆ ನಮ್ಮ ಮೀಟರಪ್ಪನಿಗೆ ಎರಡು ಸಿಲಿಂಡರಿನ ಗಾಡಿಯ ಆಸೆ ಬಂತು ನೋಡಮ್ಮ," ಎಂದು ನೀನು ನನ್ನ ಹೆಂಡತಿಯೆದುರು ಹಾಸ್ಯ ಮಾಡಿದೆ. ಎಂಜಿನ್ ಪರೀಕ್ಷಾಲಯದಲ್ಲಿ ಇಪ್ಪತ್ತೆಂಟು ವರ್ಷ ಕಳೆದ ನನಗೆ ನೀನೇ ಇಟ್ಟ ಹೆಸರು ಅದು. ಗಾಡಿ ನಿಧಾನ ವೇಗದಲ್ಲಿ ಸಣ್ಣಗೆ ಮುಗ್ಗರಿಸುತ್ತದೆ ಎಂದು ನಾನೇ ತಿಳಿಸಿದ್ದೆ. ನೀನು ಬಣ್ಣದ ಡಬ್ಬಿಯೊಂದನ್ನು ಮುಂದಿನ ಚಕ್ರದ ಎದುರು ಬೋರಲು ಹಾಕಿ ಕುಳಿತು, ಕಣ್ಣು ಮುಚ್ಚಿ, ಎರಡು ನಿಮಿಷ ಆಲಿಸಿದೆ.

"ಎಡಗಡೆಯದು ಹಸಿದಿದೆ ಕಣೋ. ಬಲಗಡೆಯದು ತಿಂದು ತೇಗ್ತಿದೆ."

ಇಂಧನ ಮಿಶ್ರಣವನ್ನು ನಾನು ಕಲಿತದ್ದೇ ನಿನ್ನ ಈ ಎರಡು ಮಾತುಗಳಿಂದ. ಗಾಳಿಗೆ ಪೆಟ್ರೋಲು ಸಾಲದಿದ್ದರೆ ಹಸಿವು, ಮಿಕ್ಕಿದರೆ ತೇಗು. ಕಾಲೇಜಿನ ಪುಸ್ತಕಗಳು ಆಮೇಲೆ ಅಂಕಿಗಳನ್ನು ಸೇರಿಸಿದವು, ಅಷ್ಟೆ.

ಆದರೂ ನಾನು ಲ್ಯಾಪ್‌ಟಾಪ್ ತಂದೆ. ಈ ಗಾಡಿಯಲ್ಲಿ ನಿನ್ನ ಕಾರ್ಬ್ಯುರೇಟರಿನ ಹಾಗೆ ತಿರುಗಿಸಲು ಸ್ಕ್ರೂ ಇಲ್ಲ. ಎರಡು ಇಂಜೆಕ್ಟರುಗಳು ಎಷ್ಟು ಪೆಟ್ರೋಲು ಚಿಮ್ಮಬೇಕೆಂದು ಒಂದು ಪುಟ್ಟ ಕಂಪ್ಯೂಟರು ತೀರ್ಮಾನಿಸುತ್ತದೆ. ಎರಡೂ ಸೈಲೆನ್ಸರ್ ಪೈಪುಗಳು ಕೂಡುವಲ್ಲಿರುವ ಒಂದೇ ಸೆನ್ಸರು ಎರಡರ ಹೊಗೆಯನ್ನೂ ಒಟ್ಟಿಗೆ ಅಳೆದು ಅದಕ್ಕೆ ವರದಿ ಒಪ್ಪಿಸುತ್ತದೆ. ವರದಿ ನಿರ್ದೋಷವಾಗಿತ್ತು. ನಿನ್ನ ಸಮಾಧಾನಕ್ಕೆಂದು ಎಡಗಡೆಯ ಪೈಪಿಗೆ ಪ್ರತ್ಯೇಕವಾಗಿ ಮೀಟರು ಹಚ್ಚಿದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ೧೪.೭ ಪಾಲು ಗಾಳಿ ಇರಬೇಕಾದಲ್ಲಿ ಅದು ೧೩.೮ ತೋರಿಸಿತು. ಅಂದರೆ ಪೆಟ್ರೋಲು ಹೆಚ್ಚು, ನಿನ್ನ ಮಾತಿಗೆ ನೇರ ವಿರುದ್ಧ. ಆಗ ನಾನು ಹೇಳಿದ್ದನ್ನು ಅಕ್ಷರಶಃ ಬರೆಯುತ್ತೇನೆ: "ಎಡಗಡೆಯದು ಹಸಿದಿಲ್ಲ ಅಣ್ಣ, ಅದೇ ತೇಗ್ತಿರೋದು. ನಿನ್ನ ಕಿವಿಗೆ ವಯಸ್ಸಾಯ್ತು."

ನೀನು ಬೈದಿದ್ದರೆ ಬಾಧಕವಿರಲಿಲ್ಲ. "ಇರಬಹುದು ಕಣೋ. ಮೀಟರು ಸುಳ್ಳು ಹೇಳಲ್ಲ," ಎಂದು ಡಬ್ಬಿಯನ್ನು ಇದ್ದ ಜಾಗದಲ್ಲಿಟ್ಟು ನೀನು ಕೈ ತೊಳೆಯಲು ಹೋದೆ. ಗಾಡಿಯನ್ನು ಮುಟ್ಟಿರಲಿಲ್ಲ, ಆದರೂ ಬಹಳ ಹೊತ್ತು ತೊಳೆದೆ.

ಮುಂದಿನದೆಲ್ಲ ನನಗೆ ಅತ್ತಿಗೆಯಿಂದ ತಿಳಿಯುತ್ತಿತ್ತು. ನೀನು ಗಾಡಿಗಳಿಗೆ ಕಿವಿಗೊಡುವುದನ್ನು ನಿಲ್ಲಿಸಿದೆಯೆಂದು, ಬಂದವರನ್ನು ಬೇರೆ ಅಂಗಡಿಗೆ ಕಳಿಸುತ್ತಿರುವೆಯೆಂದು, ಬರುವ ಭಾನುವಾರ ಉಪಕರಣಗಳನ್ನೆಲ್ಲ ಕೊಟ್ಟು ಬಾಗಿಲು ಹಾಕುವೆಯೆಂದು. ಅರವತ್ತೊಂದು ಕಿವಿ ಮಂದವಾಗುವ ವಯಸ್ಸೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡೆನೇ ಹೊರತು ಆಮೇಲೆ ಆ ಗಾಡಿಯನ್ನು ಹತ್ತಲಾಗಲಿಲ್ಲ, ಹೊದಿಕೆ ಹೊದಿಸಿಬಿಟ್ಟೆ.

ಮೊನ್ನೆ ಅತ್ತಿಗೆ ಫೋನು ಮಾಡಿದ್ದು ಬೇರೆ ದೂರು ಹೇಳಲು. ಡಾಕ್ಟರು ಅವರ ಎಡಗಣ್ಣಿಗೆ ಔಷಧಿ ಬಿಡಲು ಹೇಳಿದ್ದರೆ, ನೀನು ಎದುರಿಗೆ ನಿಂತು ಮೂರು ದಿನ ಬಲಗಣ್ಣಿಗೆ ಬಿಟ್ಟೆಯಂತೆ. ಕಣ್ಣಿಗೇನೂ ತೊಂದರೆಯಾಗಿಲ್ಲವೆಂದು ಮೊದಲೇ ತಿಳಿಸಿ, "ಎದುರಿಗೆ ನಿಂತರೆ ನಿಮ್ಮಣ್ಣಂಗೆ ಅವರ ಎಡಾನೇ ಎಡ. ನನಗೂ ಒಂದು ಎಡ ಇದೆ ಅಂತ ಈ ಜನ್ಮದಲ್ಲಿ ಅವರಿಗೆ ಹೊಳೆಯಲ್ಲ ಬಿಡಿ," ಎಂದು ನಕ್ಕರು. ನಾನು ನಗುವುದನ್ನು ಮರೆತೆ.

ನಮ್ಮ ಮೊದಲ ಶೆಡ್ಡು ನೆನಪಿಗೆ ಬಂತು. ಗಾಡಿ ಒಳಗೆ ಬಂದರೆ ಪಕ್ಕದಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಅದಕ್ಕೇ ನೀನು ಮುಂದಿನ ಚಕ್ರದ ಎದುರು ಮುಕ್ಕಾಲಿ ಹಾಕಿ ಕೇಳುತ್ತಿದ್ದೆ, ನಾನು ಹಿಂದೆ ನಿಂತು ಕೈ ಚಾಚಿ ಆಕ್ಸಿಲರೇಟರ್ ತಿರುಗಿಸುತ್ತಿದ್ದೆ. ನಿನಗೆ ಎಡವಾದದ್ದು ನನಗೆ ಬಲ. ಆದರೆ ಆಗ ಬರುತ್ತಿದ್ದವೆಲ್ಲ ಒಂಟಿ ಸಿಲಿಂಡರಿನ ಗಾಡಿಗಳು. ನಮ್ಮಿಬ್ಬರ ನಡುವೆ ಎಡಬಲದ ಮಾತೇ ಏಳಲಿಲ್ಲ. ಏಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಹೊದಿಕೆ ತೆಗೆದು, ಸವಾರನ ಬಲಗಡೆಯ ಪೈಪಿಗೆ ಮೀಟರು ಹಚ್ಚಿದೆ. ೧೫.೬. ಹಸಿವು. ಆ ಬದಿಯ ಇಂಜೆಕ್ಟರಿನ ಬಾಯಲ್ಲಿ ಕಸ ಕಟ್ಟಿತ್ತು. ಒಂದು ಸಿಲಿಂಡರಿನ ಹಸಿವನ್ನು ಕಂಡ ಕಂಪ್ಯೂಟರು ಎರಡಕ್ಕೂ ಸಮನಾಗಿ ಹೆಚ್ಚು ಬಡಿಸಿತ್ತು. ಒಂದಕ್ಕೆ ಆಗಲೂ ಸಾಲದು, ಇನ್ನೊಂದಕ್ಕೆ ಅತಿಯಾಯಿತು. ಸರಾಸರಿ ಮಾತ್ರ ನಿಖರ. ನಾನು ನಂಬಿದ್ದು ಆ ಸರಾಸರಿಯನ್ನು.

ಒಂದು ತೇಗುತ್ತಿದ್ದು ಸರಾಸರಿ ಸರಿಯಿದ್ದರೆ ಇನ್ನೊಂದು ಹಸಿದಿರಲೇಬೇಕು. ಇದು ಒಂದೇ ಹೆಜ್ಜೆಯ ಲೆಕ್ಕ, ನನ್ನ ಕೈಕೆಳಗಿನ ಯಾರಾದರೂ ತಪ್ಪಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ನಾನು ತಪ್ಪಿದ್ದು ತಿಳಿವಳಿಕೆ ಸಾಲದೆ ಅಲ್ಲ ಅಣ್ಣ. ಒಮ್ಮೆಯಾದರೂ ನಿನ್ನೆದುರು ಗೆಲ್ಲಬೇಕೆಂಬ ಆತುರದಿಂದ. ಇದನ್ನು ಬರೆಯಲು ಎರಡು ಹಾಳೆ ಹರಿದೆ.

ಇಂಜೆಕ್ಟರನ್ನು ಶುಚಿ ಮಾಡಿ ಜೋಡಿಸಿದ ಮೇಲೆ ಎರಡೂ ಕಡೆ ೧೪.೭ ಬಂತು. ಎಂಜಿನ್ ನಿಂತಲ್ಲೇ ಓಡುತ್ತಿದ್ದರೂ ಹ್ಯಾಂಡಲ್ಲಿನ ಅದುರದ ಕನ್ನಡಿಯಲ್ಲಿ ಹಿಂದಿನ ಗೋಡೆಯ ಇಟ್ಟಿಗೆಗಳನ್ನು ಎಣಿಸಬಹುದಿತ್ತು. ಆಮೇಲೆ ಅದೇ ಬಣ್ಣದ ಡಬ್ಬಿಯನ್ನು ಚಕ್ರದ ಎದುರು ಹಾಕಿ ಕುಳಿತೆ. ಅಲ್ಲಿಂದ ನೋಡಿದರೆ ಹಸಿದಿದ್ದದ್ದು ನಿಜಕ್ಕೂ ಎಡಗಡೆಯದೇ. ಎದೆಯ ಮೇಲಿನ ಕಲ್ಲು ಇಳಿಯಿತು. ಗಾಡಿ ಸರಿಹೋದದ್ದಕ್ಕಲ್ಲ, ಯಾವ ಮೀಟರೂ ಇಲ್ಲದೆ ಎರಡು ನಿಮಿಷದಲ್ಲಿ ಅದನ್ನು ಕೇಳಿಸಿಕೊಂಡ ಕಿವಿ ಇನ್ನೂ ನಮ್ಮ ಮನೆಯಲ್ಲಿ ಇದೆಯಲ್ಲ ಎಂದು.

ಫೋನಿನಲ್ಲಿ ಹೇಳಿದ್ದರೆ "ಇರಲಿ ಬಿಡೋ" ಎಂದು ನೀನು ನನ್ನನ್ನು ಅರ್ಧದಲ್ಲೇ ಕ್ಷಮಿಸಿಬಿಡುತ್ತಿದ್ದೆ. ನೀನು ಪೂರ್ತಿ ಕೇಳಬೇಕಿತ್ತು. ಸ್ಪ್ಯಾನರುಗಳನ್ನೆಲ್ಲ ಚೀಲಕ್ಕೆ ತುಂಬಿದ್ದರೂ ಮುಕ್ಕಾಲಿಯನ್ನು ಮಾತ್ರ ಅಂಗಡಿಯಲ್ಲೇ ಬಿಟ್ಟಿರುವೆಯೆಂದು ಅತ್ತಿಗೆ ಹೇಳಿದರು. ಅದು ಅಲ್ಲೇ ಇರಲಿ. ಶನಿವಾರ ಬೆಳಗ್ಗೆ ಈ ಗಾಡಿಯಲ್ಲೇ ಬರುತ್ತೇನೆ. ನೀನು ಎದುರಿಗೆ ಕೂತು ಕೇಳು. ನೀನು ಎಡ ಎಂದ ಕಡೆಗೆ ನಾನು ಮರುಮಾತಿಲ್ಲದೆ ಹೋಗುತ್ತೇನೆ. ಅತ್ತಿಗೆಗೆ ಔಷಧಿ ಬಿಡುವಾಗ ಮಾತ್ರ ದಯವಿಟ್ಟು ಅವರ ಎಡವನ್ನೇ ಹಿಡಿ.

ನಿನ್ನ ಕಿವಿ ನೂರು ಕಾಲ ಚೆನ್ನಾಗಿರಲಿ.

ಹಿಂದೆ ನಿಂತು ಆಕ್ಸಿಲರೇಟರ್ ತಿರುಗಿಸುವ
ನಿನ್ನ ತಮ್ಮ