ಅಂಜಿನಿ ಓದಿದ ‘ಮನಿ’

ತೆಲಿಗಿ,
೧೨ ಸೆಪ್ಟೆಂಬರ್ ೨೦೨೪

ಪ್ರೀತಿಯ ತಮ್ಮ ಗಂಗಾಧರನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯ? ಮೈಸೂರಿನ ಥಂಡಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಗೀತಮ್ಮ, ಮಗು ಆರಾಮವೇ? ಇಲ್ಲಿ ಮೆಕ್ಕೆಜೋಳ ತೆನೆ ಕಟ್ಟಿದೆ, ನಾವೆಲ್ಲ ಗಟ್ಟಿಯಾಗಿದ್ದೇವೆ. ನಾನು ಫೋನ್ ಮಾಡಿದರೆ ‘ಮೀಟಿಂಗಲ್ಲಿದೀನಿ ಅಕ್ಕ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ನಿಮ್ಮ ಸಂಸ್ಥೆ ನಮ್ಮೂರ ಶಾಲೆಗೆ ಓದು ಕಲಿಸುವ ಕಾರ್ಯಕ್ರಮಕ್ಕೆಂದು ಅನುದಾನ ಕೊಟ್ಟಾಗ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ‘ನಮ್ಮ ತಮ್ಮ ಕೊಡಿಸ್ಯಾನ’ ಎಂದು ಹಿಟ್ಟಿನ ಗಿರಣಿಯಲ್ಲೂ ಯಾರನ್ನೂ ಬಿಡಲಿಲ್ಲ. ಕಪಾಟು ಬಂತು, ಬಣ್ಣಬಣ್ಣದ ಪುಸ್ತಕ ಬಂದವು, ಕೂರಲು ಜಮಖಾನವೂ ಬಂತು. ನನ್ನ ಮಗಳು ಅಂಜಿನಿ ಸಂಜೆ ಪುಸ್ತಕ ತಂದು ನಮ್ಮ ಅವ್ವನಿಗೆ ಓದಿ ಹೇಳುತ್ತಿದ್ದಳು. ಅವ್ವ ಕಾಳು ಆರಿಸುವುದನ್ನೂ ಮರೆತು ಕೇಳುತ್ತಿದ್ದಳು. ನೋಡಲು ಎಷ್ಟು ಚಂದವಿತ್ತು ಗೊತ್ತೇ?

ಹೋದ ವಾರ ನಿಮ್ಮ ಸಂಸ್ಥೆಯ ಮೇಡಂ ಒಬ್ಬರು ಬಂದು ಮಕ್ಕಳಿಗೆ ಚೀಟಿ ತೋರಿಸಿ ಓದಿಸಿದರು. ‘ಮನೆ’ ಎಂದು ಬರೆದದ್ದನ್ನು ನೋಡಿ ಅಂಜಿನಿ ‘ಮನಿ’ ಎಂದಳು. ‘ಸಂತೆ’ಯನ್ನು ‘ಸಂತಿ’ ಎಂದಳು. ‘ಹಸು ಇದೆ’ ಎಂದು ಬರೆದಿದ್ದರೆ ನಮ್ಮ ಜಾಣೆ ‘ಆಕಳ ಐತಿ’ ಎಂದಳಂತೆ! ಆ ಮೇಡಂ ಎಲ್ಲಕ್ಕೂ ತಪ್ಪು ಎಂದು ಗೀಟು ಎಳೆದು, ಓದು ಬಾರದವರ ಗುಂಪಿಗೆ ಸೇರಿಸಿ ಹೋದರು. ಮೂರನೇ ತರಗತಿಯ ಹುಡುಗಿ ಈಗ ಒಂದನೇ ತರಗತಿಯವರ ಜೊತೆ ಕೂತು ಅ ಆ ತಿದ್ದುತ್ತಾಳೆ. ಆ ಗುಂಪಿನವರಿಗೆ ಪುಸ್ತಕ ಮನೆಗೆ ಕೊಡುವಂತೆಯೂ ಇಲ್ಲವಂತೆ. ಅಲ್ಲವೋ, ಓದಲು ಬಾರದವಳಿಗೆ ಚೀಟಿಯಲ್ಲಿರುವುದು ಆಕಳೋ ಎಮ್ಮೆಯೋ ಹೇಗೆ ಗೊತ್ತಾಗಬೇಕು? ಅಷ್ಟೂ ಹೊಳೆಯಲಿಲ್ಲವೇ ನಿಮಗೆ?

ಶಾಲೆಗೆ ಹೋಗಿ ಕೇಳಿದೆ. ಕೊಟ್ರಸ್ವಾಮಿ ಮೇಷ್ಟ್ರು ಆಗಲೇ ‘ಓದಾಕ ಬಂದಿದ್ದಕ್ಕ ಹಂಗ ಅಂದಾಳ್ರಿ’ ಎಂದು ಹೇಳಿ ನೋಡಿದ್ದರಂತೆ. ಬರೆದಂತೆಯೇ ಓದಬೇಕು, ನಿಯಮ ಮೇಲಿನಿಂದ ಬಂದದ್ದು ಎಂದರಂತೆ ಮೇಡಂ. ಆ ನಿಯಮ ಬರೆದವರಲ್ಲಿ ನೀನೂ ಒಬ್ಬನೆಂದು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನೀನೇನು ಹುಟ್ಟುತ್ತಲೇ ‘ಮನೆ’ ಎಂದವನೇ? ಹರಪನಹಳ್ಳಿಯ ಹಾಸ್ಟೆಲಿನ ಬಾಗಿಲಲ್ಲಿ ನನ್ನ ಸೆರಗು ಹಿಡಿದು ‘ಮನಿಗೆ ಕರಕೊಂಡು ಹೋಗಬೇ ಅಕ್ಕ’ ಎಂದು ಅತ್ತವನು ಯಾರು? ಬರೆಯುವಾಗ ‘ಮನೆ’ ಎಂದು ಬರೆಯಲು ಕಲಿಸಿ, ಬೇಡ ಎಂದವರಾರು? ಆದರೆ ಓದುವವಳನ್ನು ಓದು ಬಾರದವಳು ಎನ್ನುವುದು ಯಾವ ನ್ಯಾಯ? ಅನುದಾನ ಕೊಟ್ಟ ಮಾತ್ರಕ್ಕೆ ನಮ್ಮ ನಾಲಿಗೆಯನ್ನೂ ಕೊಂಡಿರಾ? ನೀನೇ ಬಾ. ಬಂದು ಅವಳ ಕೈಲಿ ಇನ್ನೊಮ್ಮೆ ಓದಿಸಿ, ಅವಳ ತರಗತಿಯಲ್ಲೇ ಕೂರಿಸಿ ಹೋಗು.

ಬೈದೆನೆಂದು ಮುನಿಸಿಕೊಳ್ಳಬೇಡ, ಬೈಯಲು ನನಗಿರುವವನು ನೀನೊಬ್ಬನೇ. ಗೀತಮ್ಮನಿಗೆ ನಾನು ಕೇಳಿದೆನೆಂದು ಹೇಳು, ಮಗುವಿಗೆ ನನ್ನ ಮುತ್ತು. ಊರಮ್ಮ ನಿಮ್ಮನ್ನು ತಂಪಾಗಿ ಇಟ್ಟಿರಲಿ.

ಸಿಟ್ಟಿನಲ್ಲೂ ನಿನ್ನವಳೇ ಆದ ಅಕ್ಕ,
ಸುಜಾತಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಹೇಳದಿದ್ದರೆ ಆಗದು. ಭಾನುವಾರ ಅವ್ವ ‘ಮನಿಗೆ ಬಾರವ್ವ, ಉಣ್ಣಾಕ’ ಎಂದು ಕೂಗಿದಾಗ ಅಂಜಿನಿ ಗೆಳತಿಯರ ಮುಂದೆ ‘ನಮ್ಮಜ್ಜಿಗೆ ಕನ್ನಡ ಬರಂಗಿಲ್ಲ’ ಎಂದುಬಿಟ್ಟಳು. ನಿನ್ನೆ ನೀನು ಅವಸರದಲ್ಲಿ ಫೋನ್ ಮಾಡಿ ‘ಅವ್ವಗ ಕೊಡು’ ಎಂದಾಗ ಮಲಗಿದ್ದಾಳೆ ಎಂದೆನಲ್ಲ, ಅದು ಸುಳ್ಳು. ಪಕ್ಕದಲ್ಲೇ ಕೂತಿದ್ದಳು. ಫೋನ್ ಕೊಡಲು ಹೋದರೆ ಕೈ ಅಡ್ಡ ಹಿಡಿದು, ‘ಬ್ಯಾಡವ್ವ, ನಾ ಏನು ಮಾತಾಡಿದ್ರೂ ಅವಗ ತಪ್ಪ ಆಗ್ತೈತಿ’ ಎಂದಳು.