ಪ್ಲಾಸ್ಟರ್ ಅಂಟಿಸಿದ ಕ್ಯಾಸೆಟ್

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ಮಂಡಿ ನೋವು ಕಡಿಮೆಯಾಯಿತೆಂದು ತಿಳಿದು ಸಮಾಧಾನವಾಯಿತು.

ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಡೆಂದು ನೀನು ಕಳಿಸಿದ ಕ್ಯಾಸೆಟ್ ತಲುಪಿತು. ನೀನು ಓಟದಲ್ಲಿ ಕಪ್ ಗೆದ್ದದ್ದನ್ನು ಟಿ.ವಿ.ಯಿಂದ ಹಿಡಿದಿಟ್ಟ ಕ್ಯಾಸೆಟ್. ವಿ.ಸಿ.ಆರ್.ನಿಂದ ಕಂಪ್ಯೂಟರಿಗೆ ತಂತಿ ಎಳೆಯುವುದನ್ನು ನಾನೇ ಬಿದ್ದು ಎದ್ದು ಕಲಿತಿದ್ದೇನೆ.

ಮೊದಲು ಅದರಲ್ಲಿ ಅಮ್ಮ ಇದ್ದಳು. ಟಿ.ವಿ.ಯಲ್ಲಿ ಹನ್ನೊಂದು ನಿಮಿಷ ಹೊಲಿಗೆ ಕಲಿಸಿದ್ದಳು. ಅದನ್ನು ಅಳಿಸಿ ನಿನ್ನ ಓಟ ತುಂಬಿಸಿದ ಮೇಲೆ ನೀನು, "ಖಾಲಿ ಅಂದ್ಕೊಂಡೆ ಅಕ್ಕಾ, ಅಮ್ಮನಾಣೆ ಗೊತ್ತಾಗ್ಲಿಲ್ಲ" ಎಂದು ಅತ್ತಿದ್ದೆ. ನಾನು ನಂಬಿ, ನಿನಗೇ ಸಮಾಧಾನ ಹೇಳಿದೆ.

ಯಾರೂ ಅಳಿಸದಿರಲೆಂದು ಕ್ಯಾಸೆಟ್ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ನಾನು ಮೊದಲೇ ಮುರಿದಿದ್ದೆ. ಆ ತೂತು ಮುಚ್ಚದ ಹೊರತು ಅದರ ಮೇಲೆ ಏನೂ ರೆಕಾರ್ಡ್ ಆಗದು. ಈಗ ನೋಡಿದರೆ ತೂತಿನ ಮೇಲೆ, ನೀನು ಓಡುವಾಗ ಕಾಲಿಗೆ ಸುತ್ತುತ್ತಿದ್ದ ಅಂಟುಪಟ್ಟಿಯ ಪ್ಲಾಸ್ಟರ್ ಅಚ್ಚುಕಟ್ಟಾಗಿ ಅಂಟಿದೆ.

ಅದಿದ್ದದ್ದು ನನಗೂ ಅನುಕೂಲವಾಯಿತು. ಅಮ್ಮ ಕಲಿಸಿದ ಹಾಗೇ ಅಂಗಿ ಬಟ್ಟೆ ಕತ್ತರಿಸುವುದನ್ನು ಕ್ಯಾಮೆರಾ ಎದುರು ಹನ್ನೊಂದು ನಿಮಿಷ ಹೇಳಿ, ನಿನ್ನ ಓಟದ ಮೇಲೆ ರೆಕಾರ್ಡ್ ಮಾಡಿದೆ. ಅದನ್ನೇ ಪೆನ್‌ಡ್ರೈವಿಗೆ ಹಾಕಿ ಕಳಿಸಿದ್ದೇನೆ. ಓಟದ ಪ್ರತಿ ಇಟ್ಟುಕೊಂಡಿಲ್ಲ.

ಭಾನುವಾರ ಓಟ ತೋರಿಸಲು ಬೀಗರನ್ನೂ ಕರೆದಿದ್ದೀಯಂತೆ. ಎಲ್ಲರನ್ನೂ ಕೂರಿಸಿ ಹಾಕು, ಸದ್ದು ಸ್ವಲ್ಪ ಜೋರಾಗಿಡು. "ಓಟ ಎಲ್ಲಿ ತಾತಾ?" ಎಂದು ಮೊಮ್ಮಕ್ಕಳು ಕೇಳುತ್ತಾರೆ. ಉತ್ತರವಾಗಿ ತೋರಿಸಲು ನಿನಗೆ ಬೇಕಾಗುತ್ತದೆಂದು ಆ ಪ್ಲಾಸ್ಟರನ್ನು ಕಿತ್ತು ಈ ಪತ್ರದೊಳಗೆ ಇಟ್ಟಿದ್ದೇನೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಇಂತಿ,
ನಿನ್ನ ಮಾತನ್ನು ಇಷ್ಟು ದಿನ ನಂಬಿದ್ದ
ಅಕ್ಕ