ಫರಿಶ್ತೆಗಳು ಉಳಿಸಿದ ಅರ್ಧ

ಬಸವನ ಬಾಗೇವಾಡಿ
12 ನವೆಂಬರ್ 2024, ಮಂಗಳವಾರ

ನನ್ನ ಮುದ್ದಿನ ಅಮ್ಮೀ,

ನಮ್ಮ ನಿಯಾಜ ಇವತ್ತು ಬೆಳಿಗ್ಗೆ ನಿಂತುಕೊಂಡು, ನೇರವಾಗಿ, ಗೋಡೆಗೆ ತಾಗುವ ಹಾಗೆ ಉಚ್ಚೆ ಹೊಯ್ದ! ನಗಬೇಡ, ಮನೆಯವರೆಲ್ಲ ಚಪ್ಪಾಳೆ ತಟ್ಟಿ ಸಕ್ಕರೆ ಹಂಚಿದೆವು. ನಿನ್ನ ಮೊಣಕಾಲು ಹೇಗಿದೆ? ಯುನೂಸ ಭಾಯಿಯ ಕೂಸು ನಿಮಗೆ ನಿದ್ದೆ ಮಾಡಗೊಡುತ್ತದೆಯೇ? ಇಂಗ್ಲಿಷ್ ಶಾಲೆಯ ಮಗಳ ಕನ್ನಡದಲ್ಲಿ ತಪ್ಪು ಎಣಿಸಬೇಡ. ಫೋನಿನಲ್ಲೇ ಹೇಳೋಣವೆಂದರೆ ನೀನು ಸ್ಪೀಕರ್ ಹಾಕುತ್ತೀ, ಪಕ್ಕದಲ್ಲಿ ನಿನ್ನ ಅತ್ತೆ, ನಮ್ಮ ದಾದಿ, ಕೂತಿರುತ್ತಾರೆ. ಅದಕ್ಕೇ ನಾಳೆ ಇಂಡಿಗೆ ಬರುವ ನಮ್ಮ ಓಣಿಯ ಜುಲ್ಫಿಕರನ ಕೈಯಲ್ಲಿ ಈ ಪತ್ರ.

ನಿಯಾಜ ಗೊತ್ತಲ್ಲ, ಇವರ ಅಣ್ಣನ ಮಗ, ಮೂರು ವರ್ಷದವನು. ಹುಟ್ಟಿನಿಂದಲೇ ಅವನಿಗೆ ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಬದಿಯಲ್ಲಿತ್ತು. ಮುಂದೊಗಲು ಮೇಲುಬದಿಗೆ ಮಾತ್ರ, ಟೊಪ್ಪಿಗೆಯ ಹಾಗೆ. ಒಂದು ಬದಿಯ ಬೀಜವೂ ಕೆಳಗಿಳಿದಿರಲಿಲ್ಲವೆಂದು ಕ್ರೋಮೋಸೋಮು ನೋಡಲು ರಕ್ತ ಪರೀಕ್ಷೆ ಮಾಡಿಸಿದ್ದರು. ಆ ಚಿತ್ರ ನೋಡಿದೆ ಅಮ್ಮೀ! ಉದ್ದುದ್ದ ಕ್ರೋಮೋಸೋಮುಗಳ ಸಾಲಿನ ಕೊನೆಯಲ್ಲಿ ಜೀರಿಗೆ ಚೂರಿನಷ್ಟು ವೈ. ಅದು ಸರಿಯಾಗೇ ಇದೆಯಂತೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನು ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಇಷ್ಟೇ ಇಷ್ಟರಲ್ಲಿ ಅಲ್ಲಾಹ್ ಏನೆಲ್ಲ ಬರೆದಿಟ್ಟಿದ್ದಾನೆ!

ಅವನ ತಾಯಿ ತರನ್ನುಮ ಭಾಭಿ ಮೂರು ವರ್ಷ ಸುನ್ನತಿ ಮಾಡಿಸಗೊಡಲಿಲ್ಲ. "ಲಗ್ನದ ಹಂದರದಾಗ ಮಾಡಸ್ತಿಯೇನವಾ?" ಎಂದು ಓಣಿಯೇ ಕಾಡುತ್ತಿತ್ತು. ಈ ತೊಗಲು ಮುಂದೆ ಬೇಕಾಗುತ್ತದೆ ಎಂದು ಹೆರಿಗೆ ಮಾಡಿಸಿದ ನರ್ಸ್ ಹೇಳಿದ್ದೊಂದೇ ಅವಳಿಗೆ ಗಟ್ಟಿ. ಹತ್ತು ದಿನದ ಹಿಂದೆ ಅವನ ಆಪರೇಷನ್ ಮುಗಿಸಿ ಬಂದ ಡಾಕ್ಟರ್ ಕೋಮಲ, "ತಾಯೀ, ನೀವು ಉಳಿಸಿದ ತೊಗಲಿಂದನ ಹೊಸಾ ದಾರಿ ಮಾಡೇನಿ ನೋಡ್ರಿ" ಎಂದಾಗ ಭಾಭಿ ಅಲ್ಲೇ ಕೂತು ಅತ್ತಳು. ಕೂದಲಿಗಿಂತ ಸಣ್ಣ ದಾರದ ಹೊಲಿಗೆಯಂತೆ! ಸುನ್ನತಿಯೂ ಅದರಲ್ಲೇ ಆಗಿಹೋಯಿತು. ನಿನ್ನೆ ಮೂತ್ರಕ್ಕೆ ಹಾಕಿದ್ದ ನಳಿಗೆ ತೆಗೆದರು, ಇವತ್ತು ಗೋಡೆ ಒದ್ದೆ!

ಅಬ್ಬಾಗೆ, ದಾದಿಗೆ ಸಲಾಂ. ಕೂಸಿನ ಎರಡೂ ಗಲ್ಲಕ್ಕೆ ಮುತ್ತು.

ನಿನ್ನ ಹುಚ್ಚು ಮಗಳು,
ಅಫ್ರೀನ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಹೆದರಿ ಕೊನೆಗೆ ಉಳಿಸಿಕೊಂಡೆ. ಅಕೀಕಾದ ದಿನ, ತಲೆಗೂದಲು ತೆಗೆಸಿ ಹೆಸರಿಟ್ಟಾಗ, ದಾದಿ ಭಾಯಿಯ ಕೂಸಿನ ಲಂಗೋಟಿ ಬಿಚ್ಚಿ, "ನೋಡ್ರಿ, ಅಲ್ಲಾನ ದೂತರು, ಫರಿಶ್ತೆಗೋಳು, ಅರ್ಧಾ ಸುನ್ನತಿ ಮಾಡೇ ಕಳಸ್ಯಾರ!" ಎಂದು ಎಲ್ಲರಿಗೂ ತೋರಿಸಿದರಲ್ಲ, ನಾನೂ ಕುಣಿದಾಡಿದೆನಲ್ಲ, ಅದೂ ನಿಯಾಜನಿಗಿದ್ದ ಇದೇ ಟೊಪ್ಪಿಗೆ ಅಮ್ಮೀ. ಉಳಿದರ್ಧ ಮುಗಿಸಲು ಶುಕ್ರವಾರ ಅಬ್ದುಲರಜಾಕ ಚಾಚಾ ಕತ್ತಿ ಹಿಡಿದು ಬರುತ್ತಾರೆ. ಮುಟ್ಟಗೊಡಬೇಡ. ದಾದಿ ಬೈದರೆ, ಆ ಅರ್ಧವನ್ನು ಫರಿಶ್ತೆಗಳು ಬೇಕೆಂದೇ ಉಳಿಸಿದ್ದಾರೆ ಎನ್ನು. ಭಾಭಿಯನ್ನೂ ಕರೆತರುತ್ತೇನೆ. ಗುರುವಾರ, ಸೋಲಾಪುರ ಪ್ಯಾಸೆಂಜರಿಗೆ, ಇಂಡಿ ರೋಡ್ ಸ್ಟೇಷನ್.